ನೀರನ್ನೇ ಕಾವಲಿಗಿಟ್ಟ ಎಂಜಿನಿಯರ್: ಮುಂಬಯಿ ಪ್ರಾಂತ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ

ಮಾಹಿಮ್‌ನ ಮೊಗಲ್ ಲೇನ್‌ನಲ್ಲಿ ಕರ್ನಾಟಕ ಸಂಘದ ಡಾ. ಎಂ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರದ ಮೆಟ್ಟಿಲನ್ನು ನಮ್ಮಲ್ಲಿ ಹತ್ತದವರು ವಿರಳ. ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆ, ಸನ್ಮಾನ ಸಮಾರಂಭ ಎಂದು ಎಷ್ಟೋ ಸಂಜೆಗಳನ್ನು ನಾವು ಅಲ್ಲಿ ಕಳೆದಿದ್ದೇವೆ. ಆದರೆ ಆ ಹೆಸರಿನ ಮಹನೀಯರು ಮುಂಬಯಿಗೆ ಏನಾಗಬೇಕು ಎಂದು ನಮ್ಮ ಮಕ್ಕಳು ಕೇಳಿದರೆ, ಬಹುಮಂದಿ ಕನ್ನಂಬಾಡಿ ಕಟ್ಟೆಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಮೈಸೂರಿಗೆ ದಿವಾನರಾಗಿ ಹೋಗುವುದಕ್ಕೆ ಮುನ್ನ ಅವರು ಸುಮಾರು 24 ವರ್ಷ ಮುಂಬಯಿ ಪ್ರಾಂತ್ಯದ ಸರ್ಕಾರಿ ಎಂಜಿನಿಯರ್ ಆಗಿದ್ದರು ಎಂಬುದನ್ನು ಮರೆತಿದ್ದೇವೆ. ಅವರಿಗೆ ಹೆಸರು ತಂದ ಆವಿಷ್ಕಾರವೂ ಮೈಸೂರಿನದಲ್ಲ. ಅದು ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದ ಕೋಡಿಯ ಮೇಲೆ ಹುಟ್ಟಿದ್ದು. ಆ ಮರೆತ ಅಧ್ಯಾಯವನ್ನು ಇಲ್ಲಿ ನೆನಪಿಸಿಕೊಳ್ಳುವುದು ನಮ್ಮ ಉದ್ದೇಶ.

ಹರಿವಿಗೊಂದು ಅಂಕೆ

ಹರಿಯುವ ವಸ್ತುವನ್ನು ಬೇಕಾದಾಗ ಬಿಡುವುದು, ಬೇಡವಾದಾಗ ತಡೆಯುವುದು ಮನುಷ್ಯನ ಬಹು ಹಳೆಯ ಸಮಸ್ಯೆ. ನಮ್ಮ ಊರುಗಳಲ್ಲಿ ಕೆರೆಗೆ ತೂಬು ಇಟ್ಟವರು, ಕೋಡಿ ಕಟ್ಟಿದವರು, ತೂಬು ಎತ್ತಿ ಇಳಿಸಲು ನೀರುಗಂಟಿಯನ್ನು ನೇಮಿಸಿದವರು ಈ ಸಮಸ್ಯೆಗೇ ಉತ್ತರ ಹುಡುಕಿದವರು. ಇಂದು ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿರುವ ಮುಂಬಯಿ ಹೈ ತೈಲಕ್ಷೇತ್ರದಲ್ಲಿಯೂ ಅದೇ ಪ್ರಶ್ನೆ, ಬೇರೆ ರೂಪದಲ್ಲಿ. 1974ರಲ್ಲಿ ಅಲ್ಲಿ ತೈಲ ದೊರೆಯಿತು, 1976ರಲ್ಲಿ ಉತ್ಪಾದನೆ ಆರಂಭವಾಯಿತು. ಬಾವಿಯ ಬಾಯಿಯ ಮೇಲೆ ಒಂದರ ಮೇಲೊಂದು ವಾಲ್ವ್‌ಗಳನ್ನು ಜೋಡಿಸಿರುತ್ತಾರೆ. ಕೆಲಸದವರ ಬಾಯಲ್ಲಿ ಅದು ಕ್ರಿಸ್ಮಸ್ ಟ್ರೀ. ಬಾವಿಯ ಕೊಳವೆಯೊಳಗೆ, ಸಮುದ್ರತಳಕ್ಕಿಂತಲೂ ಕೆಳಗೆ, ಮತ್ತೊಂದು ಸುರಕ್ಷಾ ವಾಲ್ವ್ ಇರುತ್ತದೆ. ಮೇಲಿನಿಂದ ಬರುವ ದ್ರವದ ಒತ್ತಡ ಅದನ್ನು ತೆರೆದು ಹಿಡಿದಿರುತ್ತದೆ. ಮೇಲೆ ಏನಾದರೂ ಅನಾಹುತವಾಗಿ ಆ ಒತ್ತಡ ತಪ್ಪಿದರೆ ಸ್ಪ್ರಿಂಗ್ ತಾನಾಗಿ ಅದನ್ನು ಮುಚ್ಚಿಬಿಡುತ್ತದೆ. ಅಪಾಯದ ಗಳಿಗೆಯಲ್ಲಿ ಯಾರೂ ಓಡಿಬಂದು ಚಕ್ರ ತಿರುಗಿಸಬೇಕಾಗಿಲ್ಲ.

ವಿಶ್ವೇಶ್ವರಯ್ಯನವರು ತೈಲಬಾವಿಗಳಲ್ಲಿ ಕೆಲಸ ಮಾಡಿದವರಲ್ಲ. ಆದರೆ ಅಪಾಯವೇ ತನ್ನ ಪರಿಹಾರವನ್ನು ನಡೆಸಬೇಕು, ಮನುಷ್ಯನ ಕೈಗೆ ಕಾಯಬಾರದು ಎಂಬ ವಿಚಾರವನ್ನು ನಮ್ಮ ನಾಡಿನ ನೀರಿಗೆ ದೊಡ್ಡ ಪ್ರಮಾಣದಲ್ಲಿ ಅಳವಡಿಸಿ ತೋರಿಸಿದವರು ಅವರು.

ಮುದ್ದೇನಹಳ್ಳಿಯಿಂದ ಪುಣೆಗೆ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಸಂಸ್ಕೃತ ವಿದ್ವಾಂಸ ಶ್ರೀನಿವಾಸಶಾಸ್ತ್ರಿ ಮತ್ತು ವೆಂಕಟಲಕ್ಷ್ಮಮ್ಮ ದಂಪತಿಗಳ ಮಗನಾಗಿ ಅವರು ಜನಿಸಿದರು. ಜನ್ಮದಿನ 1861ರ ಸೆಪ್ಟೆಂಬರ್ 15 ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ಯಿತು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೆ ಪ್ರಥಮರಾಗಿ ತೇರ್ಗಡೆಯಾದರು. ಮರುವರ್ಷವೇ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಆ ಕಾಲದ ಮುಂಬಯಿ ಪ್ರಾಂತ್ಯದ ವಿಸ್ತಾರವನ್ನು ಒಮ್ಮೆ ಊಹಿಸಿಕೊಳ್ಳಬೇಕು. ಇತ್ತ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ, ಅತ್ತ ಗುಜರಾತ್, ಸಿಂಧ್, ಸಮುದ್ರದಾಚೆ ಏಡನ್. ಒಬ್ಬ ಎಂಜಿನಿಯರ್ ತನ್ನ ಸೇವಾವಧಿಯಲ್ಲಿ ಇವೆಲ್ಲವನ್ನೂ ಕಾಣಬಹುದಾಗಿತ್ತು. ವಿಶ್ವೇಶ್ವರಯ್ಯನವರ ಆರಂಭ ನಾಸಿಕ್ ಮತ್ತು ಖಾನದೇಶದ ಕಡೆ. ಧುಳೆಯ ಹತ್ತಿರ ಪಾಂಝರಾ ನದಿಯ ಕಾಲುವೆಯೊಂದನ್ನು ದಾಟಿಸಿ ಕೊಳವೆಯ ಮೂಲಕ ನೀರು ಒಯ್ಯುವ ಸೈಫನ್ ನಿರ್ಮಿಸುವುದು ಅವರ ಮೊದಮೊದಲ ಕೆಲಸಗಳಲ್ಲೊಂದು. ಅಲ್ಲಿಂದ ಕೊನೆಯವರೆಗೂ ಅವರ ವೃತ್ತಿಯ ಮುಖ್ಯ ವಿಷಯ ನೀರೇ ಆಯಿತು.

1890ರ ದಶಕದ ಮಧ್ಯದಲ್ಲಿ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಅವರ ಮೇಲೆ ಬಿತ್ತು. ಸಿಂಧೂ ನದಿಯ ನೀರು ಕೆಸರು. ಅದನ್ನು ಶೋಧಿಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ನದಿಯ ಪಾತ್ರದಲ್ಲಿಯೇ ಬಾವಿ ತೋಡಿ, ಮರಳಿನ ಮೂಲಕ ಸೋಸಿ ಬರುವ ತಿಳಿನೀರನ್ನು ಸಂಗ್ರಹಿಸಿ ಮೇಲೆತ್ತುವ ಉಪಾಯವನ್ನು ಅವರು ಮಾಡಿದರು. ಶೋಧನೆಯ ಕೆಲಸವನ್ನು ನದಿಯೇ ಮಾಡಿಕೊಟ್ಟಿತು. ಪ್ರಕೃತಿಯೊಡನೆ ಸೆಣಸದೆ ಅದರಿಂದಲೇ ಕೆಲಸ ಮಾಡಿಸಿಕೊಳ್ಳುವ ಈ ಬುದ್ಧಿಯೇ ಮುಂದೆ ಖಡಕವಾಸ್ಲಾದಲ್ಲಿ ಫಲ ಕೊಟ್ಟಿತು.

ಖಡಕವಾಸ್ಲಾದ ಸ್ವಯಂಚಾಲಿತ ದ್ವಾರಗಳು

1899ರಲ್ಲಿ ಪುಣೆಯ ನೀರಾವರಿ ಅವರ ಉಸ್ತುವಾರಿಗೆ ಬಂದಿತು. ಮುಠಾ ನದಿಗೆ ಕಟ್ಟಿದ ಖಡಕವಾಸ್ಲಾ ಅಣೆಕಟ್ಟು, ಅಂದಿನ ಹೆಸರಿನಲ್ಲಿ ಲೇಕ್ ಫೈಫ್, ಪುಣೆ ನಗರಕ್ಕೂ ದಂಡುಪ್ರದೇಶಕ್ಕೂ ಕಾಲುವೆಗಳ ರೈತರಿಗೂ ನೀರಿನ ಆಧಾರ. ಆದರೆ ಬೇಸಿಗೆಗೆ ನೀರು ಸಾಲುತ್ತಿರಲಿಲ್ಲ. ಮಳೆಗಾಲದಲ್ಲಿ ಮಾತ್ರ ಕೋಡಿ ಬಿದ್ದು ಅಪಾರ ನೀರು ಹರಿದುಹೋಗುತ್ತಿತ್ತು. ಅದನ್ನು ಹಿಡಿದಿಡಲು ಇಲಾಖೆಯವರು ಮಳೆಗಾಲದ ಕೊನೆಗೆ ಕೋಡಿಯ ಮೇಲೆ ತಾತ್ಕಾಲಿಕ ಮಣ್ಣಿನ ದಿಬ್ಬ ಹಾಕುತ್ತಿದ್ದರು. ಅನಿರೀಕ್ಷಿತ ಪ್ರವಾಹ ಬಂದರೆ ಆ ದಿಬ್ಬ ಕೊಚ್ಚಿಹೋಗುತ್ತಿತ್ತು, ಮತ್ತೆ ಕಟ್ಟಬೇಕಾಗುತ್ತಿತ್ತು.

ಕೋಡಿಯ ಮಟ್ಟವನ್ನು ಶಾಶ್ವತವಾಗಿ ಏರಿಸಬಹುದಿತ್ತಲ್ಲವೇ ಎಂದು ಓದುಗರು ಕೇಳಬಹುದು. ಅದರಲ್ಲಿಯೇ ಅಪಾಯವಿತ್ತು. ಕೋಡಿ ಎತ್ತರವಾದರೆ ಪ್ರವಾಹದ ಕಾಲದಲ್ಲಿ ನೀರು ಇನ್ನೂ ಮೇಲೇರಿ ಕಟ್ಟೆಯ ಮೇಲೆ ಹೊರೆ ಹೆಚ್ಚುತ್ತದೆ. ಕಟ್ಟೆ ಅಷ್ಟನ್ನು ತಾಳುವಂತೆ ಕಟ್ಟಿದ್ದಲ್ಲ. ಬಾಗಿಲುಗಳನ್ನಿಟ್ಟು ಕೈಯಿಂದ ಎತ್ತಿಸಬಹುದು. ಆದರೆ ನಡುರಾತ್ರಿ, ಬಿರುಮಳೆಯಲ್ಲಿ, ನದಿ ಒಂದೇ ಸಮನೆ ಏರುತ್ತಿರುವಾಗ ಕಾವಲುಗಾರನು ತಪ್ಪದೆ ಬಂದು ಎಲ್ಲ ಬಾಗಿಲುಗಳನ್ನೂ ಎತ್ತುವನೆಂಬ ಭರವಸೆ ಏನು? ಒಬ್ಬನ ನಿದ್ದೆಗೆ ಒಂದು ನಗರವೇ ಬೆಲೆ ತೆರಬೇಕಾಗಬಹುದು.

ವಿಶ್ವೇಶ್ವರಯ್ಯನವರು ರೂಪಿಸಿದ ದ್ವಾರಗಳಲ್ಲಿ ಆ ಕಾವಲುಗಾರನ ಕೆಲಸವನ್ನು ನೀರಿಗೇ ಒಪ್ಪಿಸಲಾಯಿತು. ಕೋಡಿಯ ಉದ್ದಕ್ಕೂ ಕಬ್ಬಿಣದ ಬಾಗಿಲುಗಳ ಸಾಲು; ಬಾಗಿಲಿನ ತೂಕಕ್ಕೆ ಸಮತೋಲನವಾಗಿ ಇನ್ನೊಂದು ಕಡೆ ಪ್ರತಿತೂಕ. ಜಲಾಶಯದ ಮಟ್ಟ ಗೊತ್ತುಪಡಿಸಿದ ಎತ್ತರವನ್ನು ಮೀರಿದೊಡನೆ ಹೆಚ್ಚಿನ ನೀರು ಪ್ರತ್ಯೇಕವಾದ ಬಾವಿಯೊಳಕ್ಕೆ ಇಳಿದು ಆ ಸಮತೋಲನವನ್ನು ಕದಲಿಸುತ್ತದೆ. ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಮಟ್ಟ ಇಳಿದಾಗ ಬಾವಿಯ ನೀರು ಬಸಿದುಹೋಗಿ ಬಾಗಿಲುಗಳು ಹಿಂದಿನ ಸ್ಥಾನಕ್ಕೆ ಬರುತ್ತವೆ. ಪ್ರವಾಹ ಎಷ್ಟು ಜೋರಾಗಿ ಬಂದರೆ ಅಷ್ಟು ಬೇಗ ಬಾಗಿಲು ತೆರೆಯುತ್ತದೆ. ಅದಕ್ಕೆ ಯಂತ್ರಶಕ್ತಿ ಬೇಡ, ಅಪ್ಪಣೆ ಬೇಡ, ಆಳೂ ಬೇಡ.

1903ರಲ್ಲಿ ಈ ದ್ವಾರಗಳು ಖಡಕವಾಸ್ಲಾದಲ್ಲಿ ಅಳವಟ್ಟವು. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟ ಸುಮಾರು 8 ಅಡಿ ಏರಿತು. ಸಂಗ್ರಹ ಸುಮಾರು ಕಾಲು ಭಾಗದಷ್ಟು ಹೆಚ್ಚಿತು. ಈ ರಚನೆಗೆ ಅವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಸರ್ಕಾರದ ಸಂಬಳ ಪಡೆದು ಸರ್ಕಾರದ ಕೆಲಸದಲ್ಲಿ ಕಂಡುಕೊಂಡದ್ದಕ್ಕೆ ಬೇರೆ ಗೌರವಧನ ಬೇಡವೆಂದು ಅವರು ರಾಯಧನವನ್ನು ಬಿಟ್ಟುಕೊಟ್ಟರೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಮುಂದೆ ಇದೇ ಬಗೆಯ ದ್ವಾರಗಳು ಗ್ವಾಲಿಯರ್‌ನ ಟಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಹೋದವು. ಹೀಗಾಗಿ ಕನ್ನಂಬಾಡಿಯ ಬಾಗಿಲುಗಳ ತವರುಮನೆ ಮಹಾರಾಷ್ಟ್ರದಲ್ಲಿದೆ ಎಂದು ನಾವು ಮುಂಬಯಿ ಕನ್ನಡಿಗರು ಧಾರಾಳವಾಗಿ ಹೇಳಿಕೊಳ್ಳಬಹುದು.

ಬಾಗಿಲಿನಾಚೆಯ ನೀರಿಗೂ ಅವರು ಕ್ರಮವೊಂದನ್ನು ತಂದರು. ನೀರಾ ಕಾಲುವೆಯ ಪ್ರದೇಶದಲ್ಲಿ ನೀರು ಕೆಲವರ ಕಬ್ಬಿಗೇ ಹರಿದು ಉಳಿದವರಿಗೆ ಸಿಗುತ್ತಿರಲಿಲ್ಲ. ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಸರದಿಯ ಮೇಲೆ ಬೆಳೆ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ನೀರು ಹಂಚುವ ಪದ್ಧತಿಯನ್ನು ಅವರು ಮುಂದಿಟ್ಟರು. ಮೊದಲು ರೈತರು ಸಂಶಯಪಟ್ಟು ವಿರೋಧಿಸಿದರು. ಊರೂರಿಗೆ ಹೋಗಿ ಮಾತನಾಡಿ ಒಪ್ಪಿಸಿದ ಮೇಲೆ ಪದ್ಧತಿ ನೆಲೆಗೊಂಡಿತು.

ತೆರೆಯದ ಬಾಗಿಲು

ನೀರಿಗೆ ಬಾಗಿಲು ತೆರೆದುಕೊಟ್ಟವರಿಗೆ ಇಲಾಖೆಯ ಮೇಲಿನ ಬಾಗಿಲು ತೆರೆಯಲಿಲ್ಲ. 1904ರ ನಂತರ ಅವರು ಮುಂಬಯಿ ಸರ್ಕಾರದ ನೈರ್ಮಲ್ಯ ಎಂಜಿನಿಯರ್ ಆದರು. 1906ರಲ್ಲಿ ಏಡನ್‌ಗೆ ಹೋಗಿ ಕುಡಿಯುವ ನೀರು ಮತ್ತು ಒಳಚರಂಡಿಯ ಯೋಜನೆ ಸಿದ್ಧಪಡಿಸಿದರು. ಹಲವು ಹಿರಿಯರನ್ನು ದಾಟಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಪದವಿಗೇರಿದರು. ಆದರೆ ಅಂದಿನ ಆಡಳಿತದಲ್ಲಿ ಭಾರತೀಯನೊಬ್ಬ ಮುಖ್ಯ ಎಂಜಿನಿಯರ್ ಆಗುವ ಸಾಧ್ಯತೆ ಅವರಿಗೆ ಕಾಣಲಿಲ್ಲ. 1908ರಲ್ಲಿ, ಇನ್ನೂ 50 ತುಂಬುವ ಮೊದಲೇ, ಅವರು ಕೆಲಸ ಬಿಡಲು ನಿರ್ಧರಿಸಿದರು. ಪೂರ್ಣ ಪಿಂಚಣಿಗೆ ಬೇಕಾದ ಸೇವಾವಧಿ ತುಂಬಿರಲಿಲ್ಲ. ಆದರೂ ಸರ್ಕಾರ ಪಿಂಚಣಿ ಮಂಜೂರು ಮಾಡಿತು.

ಇಂದು ನೌಕರಿಯಲ್ಲಿರುವ ನಮ್ಮ ಮನೆಯ ಮಕ್ಕಳು ಈ ನಿರ್ಧಾರವನ್ನು ಸುಲಭದ್ದೆಂದು ಭಾವಿಸಬಾರದು. ಬಡತನದಿಂದ ಬಂದವರು ಭದ್ರವಾದ ಸರ್ಕಾರಿ ಹುದ್ದೆಯನ್ನು ತಾವಾಗಿ ಬಿಟ್ಟರು, ಅದೂ ಮುಂದೇನೆಂಬುದು ಗೊತ್ತಿಲ್ಲದೆ. ಅವರು ವಿದೇಶ ಪ್ರವಾಸದಲ್ಲಿದ್ದಾಗಲೇ, 1908ರ ಸೆಪ್ಟೆಂಬರ್‌ನಲ್ಲಿ, ಮೂಸಿ ನದಿ ಹೈದರಾಬಾದ್ ನಗರವನ್ನು ಮುಳುಗಿಸಿತು. ನಿಜಾಮ್ ಸರ್ಕಾರದ ಕರೆಗೆ ಓಗೊಟ್ಟು, ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯುವ ಯೋಜನೆ ಹಾಕಿಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಚಿಂತನೆಯ ಫಲ. 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು.

ಮೈಸೂರಿನ ಆ ವರ್ಷಗಳು ಕನ್ನಡಿಗರೆಲ್ಲರಿಗೂ ಪರಿಚಿತ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕ್, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ: ಪಟ್ಟಿ ದೊಡ್ಡದು. ಆದರೆ ಪೂಜಾಭಾವ ಮಾತ್ರ ಸಾಲದು. ಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಸಂಸಾರಗಳು ನೆಲೆ ತಪ್ಪಿದವು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರ ನಿಲುವಿಗೂ ಅವರ ನಿಲುವಿಗೂ ಹೊಂದಾಣಿಕೆಯಾಗಲಿಲ್ಲ. ಅವರು ದಿವಾನಗಿರಿ ಬಿಡುವುದಕ್ಕೆ ಅದು ಮುಖ್ಯ ಕಾರಣವಾಯಿತು. ಕಾಲ ಈ ವಿಷಯದಲ್ಲಿ ಮಹಾರಾಜರ ಕಡೆಗೇ ನಿಂತಿತೆಂದು ನಾವು ಭಾವಿಸುತ್ತೇವೆ. ತಾವೇ ಒಮ್ಮೆ ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದವರು ಇನ್ನೊಂದು ಬಾಗಿಲಿನ ವಿಷಯದಲ್ಲಿ ಹಾಗೆ ಯೋಚಿಸಿದರೆಂಬುದು ಅವರ ಬದುಕನ್ನು ಓದುವವರು ಮರೆಯಬಾರದ ಸಂಗತಿ.

ಮತ್ತೆ ಮುಂಬಯಿಗೆ

ದಿವಾನಗಿರಿ ಮುಗಿದ ಮೇಲೆ ಮುಂಬಯಿ ಅವರನ್ನು ಮತ್ತೆ ಮತ್ತೆ ಕರೆಯಿತು. 1921-22ರಲ್ಲಿ ಪ್ರಾಂತ್ಯದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. 1926ರಲ್ಲಿ ಬ್ಯಾಕ್ ಬೇ ವಿಚಾರಣಾ ಸಮಿತಿಯ ಸದಸ್ಯರಾದರು. ಸಮುದ್ರ ತುಂಬಿಸಿ ಎಂಟು ಬ್ಲಾಕ್‌ಗಳಲ್ಲಿ 1,145 ಎಕರೆ ಹೊಸ ನೆಲ ಪಡೆಯುವ ಆ ಯೋಜನೆ ಹಣ ನುಂಗುತ್ತಾ ಹೋಗಿ, ಕೆ.ಎಫ್. ನರೀಮನ್ ಅವರ ಟೀಕೆಯಿಂದ ನಗರವೇ ಕೆರಳಿತ್ತು. ಸಮಿತಿಯ ವಿಚಾರಣೆಯ ಬಳಿಕ ಕೆಲಸವನ್ನು ಮೊಟಕುಗೊಳಿಸಲಾಯಿತು. ನಾಲ್ಕು ಬ್ಲಾಕ್‌ಗಳಷ್ಟೇ ಪೂರ್ಣಗೊಂಡವು. ಸಂಜೆಯ ಹೊತ್ತು ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಕುಳಿತು ಗಾಳಿ ಸೇವಿಸುವ ನಾವು ಆ ಹಳೆಯ ಲೆಕ್ಕಾಚಾರದ ಅಂಚಿನಲ್ಲಿಯೇ ಕುಳಿತಿರುತ್ತೇವೆ.

1930ರ ದಶಕದ ನಡುವೆ ಅವರು ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧಪಡಿಸಿದರು. ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಬೆಂಬಲ ನೀಡಿತಾದರೂ ಯುದ್ಧ ಬಂದು, ಕೇಂದ್ರದ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕುರ್ಲಾದಲ್ಲಿ ಬೆಳೆದು ಆ ಕನಸನ್ನು ನನಸಾಗಿಸಿತು. ನಮ್ಮ ಪೀಳಿಗೆಯನ್ನು ದಶಕಗಳ ಕಾಲ ಹೊತ್ತೊಯ್ದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಯ ಹಿಂದೆಯೂ ಹೀಗೆ ವಿಶ್ವೇಶ್ವರಯ್ಯನವರ ನೆರಳಿದೆ. 1941ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ತಯಾರಕರ ಸಂಘವನ್ನು ಕಟ್ಟಿ ಅನೇಕ ವರ್ಷ ಅದರ ನೇತೃತ್ವ ವಹಿಸಿದರು. ಕಫ್ ಪರೇಡ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಅವರ ಹೆಸರಿನ ಕೈಗಾರಿಕಾ ಸಂಶೋಧನ ಮತ್ತು ಅಭಿವೃದ್ಧಿ ಕೇಂದ್ರದ ಆಶ್ರಯದಲ್ಲಿ ನಿಂತದ್ದು. 1955ರಲ್ಲಿ ಭಾರತರತ್ನ ಅವರನ್ನು ಅರಸಿ ಬಂದಿತು.

ಪಾನ್‌ಶೆತ್‌ನ ಪಾಠ

1961ರ ಜುಲೈ 12ರಂದು ಪುಣೆಯ ಮೇಲ್ಭಾಗದ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಕೆಲಸ ಸಂಪೂರ್ಣ ಮುಗಿಯುವ ಮೊದಲೇ ಮೊದಲ ಮಳೆಗಾಲದ ನೀರನ್ನು ಅದರಲ್ಲಿ ನಿಲ್ಲಿಸಲಾಗಿತ್ತು. ನೀರು ಹೊರಬಿಡುವ ಕೊಳವೆ ಮಾರ್ಗದ ದ್ವಾರವ್ಯವಸ್ಥೆಯೂ ಪೂರ್ಣಗೊಂಡಿರಲಿಲ್ಲ. ಆ ಮಾರ್ಗದ ಮೇಲಿನ ಮಣ್ಣಿನ ಏರಿ ಕುಸಿಯತೊಡಗಿತು. ಸೈನಿಕರು ಮರಳುಚೀಲ ಪೇರಿಸಿದರೂ ಉಳಿಯಲಿಲ್ಲ. ಆ ನೀರಿನ ರಭಸಕ್ಕೆ ಕೆಳಗಿನ ಖಡಕವಾಸ್ಲಾ ಕಟ್ಟೆಯೂ ಅದೇ ದಿನ ಒಡೆದು ಪುಣೆ ನಗರ ಮುಳುಗಿತು. ಅರವತ್ತು ವರ್ಷಗಳ ಹಿಂದೆ ವಿಶ್ವೇಶ್ವರಯ್ಯನವರು ಸ್ವಯಂಚಾಲಿತ ದ್ವಾರಗಳನ್ನಿಟ್ಟ ಕಟ್ಟೆ ಅದೇ. ಅವರು ಆಗ ತಮ್ಮ ಬದುಕಿನ ಕೊನೆಯ ವರ್ಷದಲ್ಲಿದ್ದರು. ನದಿಯ ಪ್ರವಾಹವನ್ನು ಅಳೆದು ರೂಪಿಸಿದ ಕೋಡಿ, ಒಡೆದ ಅಣೆಕಟ್ಟಿನ ಇಡೀ ನೀರನ್ನು ತಾಳುವುದು ಸಾಧ್ಯವಿರಲಿಲ್ಲ. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಬಾಳನ್ನು ಮುಗಿಸಿ, ಅವರು ಬೆಂಗಳೂರಿನಲ್ಲಿ ನಿಧನರಾದರು.

ನಮ್ಮ ನಗರವೂ ಇಂಥ ಪಾಠವನ್ನು ಕಂಡಿದೆ. 2005ರ ಜುಲೈ 26ರ ಮಹಾಮಳೆಯನ್ನು ಯಾರೂ ಮರೆತಿಲ್ಲ. ಮರುದಿನವೇ, ಜುಲೈ 27ರಂದು, ಮುಂಬಯಿ ಹೈ ವೇದಿಕೆಯೊಂದಕ್ಕೆ ನೌಕೆ ತಗಲಿ ಅನಿಲದ ಕೊಳವೆ ಒಡೆದು ಬೆಂಕಿ ಹೊತ್ತಿ 22 ಜೀವಗಳು ಹೋದವು. ನೀರಾಗಲಿ, ತೈಲವಾಗಲಿ, ಅನಿಲವಾಗಲಿ, ತಡೆದು ನಿಲ್ಲಿಸಿದ ಹರಿವು ಸದಾ ದಾರಿ ಹುಡುಕುತ್ತಿರುತ್ತದೆ. ಬಾಗಿಲು ಎಷ್ಟೇ ಜಾಣತನದ್ದಾದರೂ ಅದು ಯಾವ ಲೆಕ್ಕಕ್ಕೆ ಕಟ್ಟಿದ್ದೋ ಅಷ್ಟನ್ನೇ ತಡೆಯಬಲ್ಲದು. ಲೆಕ್ಕ ಹಾಕುವವರ ಪ್ರಾಮಾಣಿಕತೆ, ಕೆಲಸ ಮುಗಿಯುವ ತನಕ ನೀರು ನಿಲ್ಲಿಸದ ತಾಳ್ಮೆ, ಇವು ತಾವಾಗಿ ನಡೆಯುವಂಥವಲ್ಲ. ಇವನ್ನು ಮನುಷ್ಯರೇ ಕಾಯಬೇಕು.

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರ್‌ಗಳ ದಿನ ಆಚರಿಸುತ್ತೇವೆ, ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅದರ ಜೊತೆಗೆ, ಮುಂದಿನ ಬಾರಿ ಪುಣೆಯ ಕಡೆ ಹೋದಾಗ ಮಕ್ಕಳನ್ನು ಖಡಕವಾಸ್ಲಾಕ್ಕೂ ಕರೆದೊಯ್ಯೋಣ. ಸಿಂಹಗಡದ ದಾರಿಯಲ್ಲಿ ಜೋಳ ತಿನ್ನುತ್ತಾ ಆ ನೀರನ್ನು ನೋಡುವಾಗ, ನೀರಿನ ಕೈಗೇ ಬೀಗದ ಕೈ ಕೊಟ್ಟ ನಮ್ಮ ಕಡೆಯ ಎಂಜಿನಿಯರ್ ಒಬ್ಬರು ಇಲ್ಲಿ ಕೆಲಸ ಮಾಡಿದ್ದರು ಎಂದು ಹೇಳೋಣ. ಮಾಹಿಮ್‌ನ ಮಂದಿರದ ಹೆಸರು ಅವರಿಗೆ ಆಮೇಲೆ ಬರಿಯ ಹೆಸರಾಗಿ ಉಳಿಯಲಾರದು.